ದಾನಮ್ಮ ಕತ್ತರಿಸಿದ ಪ್ಯಾಕಿಂಗ್

ಸುಂಕದಕಟ್ಟೆಯ ಸುತ್ತಮುತ್ತ ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಮೆಕ್ಯಾನಿಕ್ ವೀರೇಶ ಗೊತ್ತು. ಹೊಸ ಕಾರಿನವರು ಮಾಗಡಿ ರಸ್ತೆಯ ಅವನ ಶೆಡ್ಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನೂ ಅವರಿಗಾಗಿ ಕಾದವನಲ್ಲ. ಕಂಪ್ಯೂಟರ್ ತಗುಲಿಸಿ ಕಾಯಿಲೆ ಹೇಳುವ ಬಂಡಿಗಳೆಂದರೆ ಅವನಿಗೆ ಒಂಥರಾ ತಾತ್ಸಾರ. ಆದರೆ ಯಾರದೋ ಹಳೇ ಅಂಬಾಸಿಡರ್ ಸೈಲೆನ್ಸರ್ ಬಿಟ್ಟು ಎಂಜಿನ್ನಿನ ಪಕ್ಕದಿಂದಲೇ ಫಟ್ ಫಟ್ ಎಂದು ಹೊಗೆ ಉಗುಳತೊಡಗಿದರೆ, ಬೇರೆ ಗ್ಯಾರೇಜಿನವರು ಕೈಚೆಲ್ಲಿ ‘ವೀರೇಶಣ್ಣನ ಹತ್ರ ತಗೊಂಡ್ ಹೋಗಿ ಸಾರ್’ ಅನ್ನುತ್ತಿದ್ದರು.

ನೋಡಲು ಅದು ಸಣ್ಣ ಕೆಲಸ. ಎಂಜಿನ್ನಿಗೂ ಹೊಗೆ ಹೋಗುವ ಎರಕದ ಕೊಳವೆಗೂ ನಡುವೆ ಒಂದು ತೆಳ್ಳನೆಯ ಗ್ಯಾಸ್ಕೆಟ್ ಇರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ಪ್ಯಾಕಿಂಗ್. ವರ್ಷಗಟ್ಟಲೆ ಬೆಂದೂ ಬೆಂದೂ ಅದು ಪಾತ್ರೆಗೆ ತಳ ಹಿಡಿದ ಅನ್ನದ ಹಾಗೆ ಕಬ್ಬಿಣಕ್ಕೆ ಕಚ್ಚಿಕೊಂಡಿರುತ್ತದೆ. ನಟ್ಟುಗಳು ತುಕ್ಕು ಹಿಡಿದು, ಎಂಜಿನ್ನಿಗೆ ನೆಟ್ಟ ಸ್ಟಡ್ಡೆಂಬ ಕಬ್ಬಿಣದ ಕಡ್ಡಿಯ ಜೊತೆ ಒಂದಾಗಿರುತ್ತವೆ. ಅವಸರ ಮಾಡಿದವನ ಕೈಯಲ್ಲಿ ಸ್ಟಡ್ಡು ಒಳಗೇ ಮುರಿಯುತ್ತದೆ, ಆಮೇಲೆ ದೇವರೇ ಗತಿ. ವೀರೇಶ ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟು ನೆನೆಹಾಕುತ್ತಿದ್ದ. ಮಾರನೇ ದಿನ ನಟ್ಟಿಗೆ ಬೆಂಕಿ ತೋರಿಸಿ, ಒಂದಿಷ್ಟು ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿ, ಹಟಮಾರಿ ಮಗುವನ್ನು ರಮಿಸಿದ ಹಾಗೆ ರಮಿಸುತ್ತಿದ್ದ. ಕೊಳವೆ ಕಳಚಿಬಂದ ಮೇಲೆ ಎಂಜಿನ್ನಿನ ತೂತುಗಳಿಗೆ ಬಟ್ಟೆ ತುರುಕಿ, ಹಳೇ ಗರಗಸದ ಬ್ಲೇಡಿನಿಂದ ಪ್ಯಾಕಿಂಗ್ ಕೆರೆಯುವುದು. ಕೆರೆದಂತೆಲ್ಲ ಏಳುವ ಬೂದಿಯಂಥ ಪುಡಿಯನ್ನು ಬಾಯಿಂದ ಉಫ್ ಎಂದು ಊದುವುದು. ಅವನಿಗೆ ತಾಳ್ಮೆ ಅನ್ನುವುದು ಇದ್ದದ್ದು ಎಂಜಿನ್ನಿನ ಮೇಲೆ ಮಾತ್ರ. ಮನೆಯಲ್ಲಿ ನೀರು ಕೊಡುವುದು ತಡವಾದರೂ ಹಾರಾಡುತ್ತಿದ್ದ.

ಮನೆ ಅಂದರೆ ಹೇರೋಹಳ್ಳಿಯ ಒಂದೇ ಕೋಣೆಯ ಮನೆ, ಮತ್ತು ದಾನಮ್ಮ. ಮಕ್ಕಳಾಗಲಿಲ್ಲ. ಗಂಗಾವತಿಯ ಕಡೆಯಿಂದ ಇಬ್ಬರೂ ಬೆಂಗಳೂರಿಗೆ ಬಂದಾಗ ಅವಳು ಊರಲ್ಲಿ ಕುಪ್ಪಸ ಹೊಲಿಯುತ್ತಿದ್ದ ದೊಡ್ಡ ಕತ್ತರಿಯನ್ನೂ ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದಳು. ಆ ಕತ್ತರಿ ಇಲ್ಲಿ ಬಟ್ಟೆ ಕಂಡದ್ದು ಕಮ್ಮಿ. ಹಳೇ ಕಾರುಗಳಿಗೆ ಸರಿಯಾದ ಪ್ಯಾಕಿಂಗ್ ಸಿಗದ ಕಾಲದಲ್ಲಿ ವೀರೇಶ ಪೇಟೆಯಿಂದ ಬೂದುಬಣ್ಣದ ದೊಡ್ಡ ಶೀಟು ತಂದು ತಾನೇ ಕತ್ತರಿಸಲು ಹೋಗಿ ಎರಡು ಹಾಳು ಮಾಡಿದ. ‘ಕೊಡ್ರಿ ಇಲ್ಲೆ’ ಎಂದು ದಾನಮ್ಮ ಕಸಿದುಕೊಂಡಳು. ಕೊಳವೆಯ ಬಾಯಿಗೆ ಗ್ರೀಸು ಸವರಿ ಶೀಟಿನ ಮೇಲೆ ಒತ್ತಿ ಅಚ್ಚು ತೆಗೆದಳು, ಕುಪ್ಪಸದ ತೋಳು ಕತ್ತರಿಸುವಷ್ಟೇ ಸಲೀಸಾಗಿ ಕತ್ತರಿಸಿದಳು, ಸ್ಟಡ್ಡಿನ ತೂತುಗಳನ್ನು ಸುತ್ತಿಗೆಯಿಂದ ಕುಟ್ಟಿ ತೆಗೆದಳು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಅಂದಿನಿಂದ ಅದು ಅವಳ ಪಾಲಿಗೇ ಬಿತ್ತು. ಅಡಿಗೆ ಮುಗಿಸಿ, ಗಾಳಿಗೆ ಶೀಟು ಕದಲದಿರಲಿ ಎಂದು ಬಾಗಿಲು ಕಿಟಕಿ ಹಾಕಿ ಕೂರುತ್ತಿದ್ದಳು. ಒಂದೊಂದು ತೂತಿಗೂ ಬಾಯಿಟ್ಟು ಊದುತ್ತಿದ್ದಳು. ಮಡಿಲಲ್ಲಿ ಬಿದ್ದ ಪುಡಿಯನ್ನು ಹಿತ್ತಿಲಲ್ಲಿ ಕೊಡವುತ್ತಿದ್ದಳು, ಸಂಜೆ ಗಂಡ ಬಿಚ್ಚಿಟ್ಟ ಅಂಗಿಯನ್ನೂ ಅಲ್ಲೇ. ಕೊನೆಗೆ ಒಂದು ಮೂಲೆಯಲ್ಲಿ ಕತ್ತರಿಯ ತುದಿಯಿಂದ ಸಣ್ಣ ಕಚ್ಚು ಹಾಕುತ್ತಿದ್ದಳು. ಯಾವ ಮಗ್ಗುಲು ಎಂಜಿನ್ನಿನ ಕಡೆಗೆ ಅಂತ ತಿಳಿಯಲು, ದರ್ಜಿಗಳು ತೋಳಿಗೆ ಹಾಕುವಂಥ ಕಚ್ಚು.

ಪ್ಯಾಕಿಂಗ್ ನೋಡಿ ಗಿರಾಕಿಗಳು ಬೆರಗಾಗುತ್ತಿದ್ದರು. ‘ಕೈಯಲ್ಲೇ ಕಟ್ ಮಾಡಿದ್ದು ಸಾರ್’ ಅನ್ನುತ್ತಿದ್ದ ವೀರೇಶ. ಯಾರ ಕೈ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸುಳ್ಳೇನೂ ಆಡಲಿಲ್ಲವಲ್ಲ ಎಂದು ಒಳಗೇ ಸಮಾಧಾನ. ಹೀಗೆ ಸುಳ್ಳಾಡದೆಯೇ ಹೆಂಡತಿಯ ಹೆಸರು ನುಂಗಿದ ಗಂಡಂದಿರಿಗೆ ನಮ್ಮಲ್ಲಿ ಬರವಿಲ್ಲ.

ಆಮೇಲೆ ರೆಡಿಮೇಡ್ ಪ್ಯಾಕಿಂಗ್ ಬಂತು, ಹಳೇ ಕಾರುಗಳು ಗುಜರಿ ಸೇರಿದವು, ಕತ್ತರಿ ಅಟ್ಟ ಸೇರಿತು. ದಾನಮ್ಮನಿಗೆ ಕೆಮ್ಮು ಶುರುವಾದಾಗ ಆ ಶೀಟುಗಳು ಇಬ್ಬರ ನೆನಪಿನಲ್ಲೂ ಇರಲಿಲ್ಲ. ಬೀದಿಯ ಡಾಕ್ಟರು ಟಿಬಿ ಇರಬೇಕು ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಕೆಮ್ಮು ಹೋಗಲಿಲ್ಲ, ಉಸಿರೇ ಹೋಗತೊಡಗಿತು. ನಲ್ಲಿಯಿಂದ ಒಂದು ಕೊಡ ತರಲು ನಾಲ್ಕು ಕಡೆ ಕೂರುತ್ತಿದ್ದಳು. ಕಡೆಗೆ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಎದೆಯಿಂದ ನೀರು ತೆಗೆದರು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು:

“ಇವರು ಎಲ್ಲಿ ಕೆಲಸ ಮಾಡ್ತಿದ್ರು? ಸಿಮೆಂಟ್ ಶೀಟ್ ಫ್ಯಾಕ್ಟರಿ, ಆಸ್ಬೆಸ್ಟಾಸ್, ಕಲ್ನಾರು ಅಂತಾರಲ್ಲ, ಆ ಥರದ ಧೂಳಲ್ಲಿ ಏನಾದ್ರೂ?”

“ಇಲ್ಲ ಮೇಡಂ, ಏನೂ ಕೆಲಸ ಮಾಡಲ್ಲ. ಮನೇಲೇ ಇರ್ತಾಳೆ” ಎಂದ ವೀರೇಶ.

ದಾನಮ್ಮ ಒಮ್ಮೆ ಅವನ ಮುಖ ನೋಡಿದಳು. ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಿದಳು. ಡಾಕ್ಟರಮ್ಮ ಮುಂದಿನ ಪರೀಕ್ಷೆಗೆ ಬರೆದುಕೊಟ್ಟರು.

ಆ ವಾರವೇ ಏಕಾಂತಯ್ಯನವರ ಅಂಬಾಸಿಡರ್ ಬಂದದ್ದು. ಬಸವೇಶ್ವರನಗರದ ನಿವೃತ್ತ ಅಧಿಕಾರಿ, ಮೃದು ಮನುಷ್ಯ, ಕಾರನ್ನು ಮನೆಮಗಳ ಹಾಗೆ ನೋಡಿಕೊಂಡವರು. ಇಷ್ಟು ವರ್ಷ ಸುಮ್ಮನಿದ್ದ ಎಂಜಿನ್ ಈಗ ಪಕ್ಕದಿಂದ ಫಟ್ ಫಟ್ ಅನ್ನುತ್ತಿತ್ತು. ವೀರೇಶನಿಗೆ ಕೆಲಸದ ಮೇಲೆ ಮನಸ್ಸಿರಲಿಲ್ಲ, ಆದರೂ ಎಂದಿನಂತೆ ನೆನೆಹಾಕಿದ, ಬೆಂಕಿ ತೋರಿಸಿದ, ರಮಿಸಿದ. ಮಾರನೇ ಬೆಳಿಗ್ಗೆ ಕೊಳವೆ ಕಳಚಿ ಬಂತು. ಪ್ಯಾಕಿಂಗ್ ಅರ್ಧ ಕೊಳವೆಗೆ, ಅರ್ಧ ಎಂಜಿನ್ನಿಗೆ ಕಚ್ಚಿಕೊಂಡಿತ್ತು. ಪಕ್ಕದಲ್ಲಿ ಏಕಾಂತಯ್ಯ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು.

ಬ್ಲೇಡು ಹಿಡಿದು ಕೆರೆಯತೊಡಗಿದ. ಉಫ್ ಎಂದು ಊದಿದ. ತಗಡಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಪುಡಿ ಎದ್ದು ಸಣ್ಣ ಸಣ್ಣ ನಾರುಗಳಾಗಿ ತೇಲಿತು. ಮತ್ತೆ ಬಗ್ಗಿದಾಗ ಮೂಲೆಯಲ್ಲಿ ಮಸಿ ಹಿಡಿದು ಕಪ್ಪಾಗಿದ್ದರೂ ಅಳಿಯದೆ ಉಳಿದಿದ್ದ ಸಣ್ಣ ಕಚ್ಚು ಕಂಡಿತು.

ಬ್ಲೇಡು ಅಲ್ಲೇ ನಿಂತಿತು.

ಬಾಗಿಲು ಕಿಟಕಿ ಹಾಕಿದ ಕೋಣೆ ನೆನಪಾಯಿತು. ತೂತಿಗೆ ಬಾಯಿಟ್ಟು ಊದುತ್ತಿದ್ದ ದಾನಮ್ಮ ನೆನಪಾದಳು. ಬೆಂಕಿಗೆ ಸುಡದ ಆ ಶೀಟು ಕಲ್ನಾರಿನದು ಎಂದು ಅಂಗಡಿಯವನು ಹೇಳಿಯೇ ಕೊಟ್ಟಿದ್ದ. ವೀರೇಶನಿಗೆ ಅದು ಗೊತ್ತಿಲ್ಲದ ವಿಷಯವೇ ಅಲ್ಲ. ಗೊತ್ತಿದ್ದೂ ಡಾಕ್ಟರಮ್ಮ ಕೇಳಿದಾಗ ಬಾಯಿಗೆ ಬರಲಿಲ್ಲ. ಕೆಲಸ ಅಂದ ಕೂಡಲೇ ಅವನ ಕಣ್ಣೆದುರು ಬಂದದ್ದು ಫ್ಯಾಕ್ಟರಿ, ಸೈರನ್ನು, ಸಂಬಳ. ಕೋಣೆಯಲ್ಲಿ ಮಂಡಿಯೂರಿ ಕೂತ ಹೆಂಡತಿ ಬರಲಿಲ್ಲ. ತಾನು ತೆರೆದ ಶೆಡ್ಡಿನಲ್ಲಿ, ಗಾಳಿಯಲ್ಲಿ ಊದಿ ಬದುಕಿಕೊಂಡಿದ್ದ. ಅವಳು ಮುಚ್ಚಿದ ಮನೆಯಲ್ಲಿ ಊದಿದ್ದಳು.

“ಏನಾಯ್ತಯ್ಯ?” ಎಂದರು ಏಕಾಂತಯ್ಯ.

“ಮನೆಗೆ ಹೋಗ್ಬೇಕು ಸಾರ್” ಎಂದವನೇ ಕೈ ಕೂಡ ತೊಳೆಯದೆ ಹೊರಟ. ಶೆಡ್ಡು ದಾಟಿದ ಮೇಲೆ ಅಂಗಿಯ ತುಂಬ ಪುಡಿ ಇರುವುದು ಕಂಡು, ಹಿಂದಿರುಗಿ ಬಂದು ಅಂಗಿ ಬಿಚ್ಚಿ ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಬರೀ ಬನಿಯನ್ನಿನಲ್ಲಿ ಸೈಕಲ್ ತುಳಿದ.

ದಾನಮ್ಮ ಗೋಡೆಗೊರಗಿ ತೊಡೆಯ ಮೇಲೆ ದಿಂಬಿಟ್ಟುಕೊಂಡು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

“ಡಾಕ್ಟರಮ್ಮ ಕೇಳಿದಾಗ ಶೀಟು ಕತ್ತರಿಸ್ತಿದ್ದೆ ಅಂತ ಯಾಕ ಹೇಳ್ಲಿಲ್ಲ ನೀ?” ಅವನ ದನಿ ಏರಿತ್ತು. ಅವನಿಗೆ ಭಯವಾದಾಗಲೂ ಬರುತ್ತಿದ್ದದ್ದು ಸಿಟ್ಟೇ.

ದಾನಮ್ಮ ಉಸಿರು ಕೂಡಿಸಿಕೊಂಡಳು. “ನೀವ ಹೇಳಿಬಿಟ್ರಲ್ರೀ, ಏನೂ ಕೆಲ್ಸ ಮಾಡಂಗಿಲ್ಲ ಅಂತ. ಮತ್ತ ನಾ ಏನಂತ ಹೇಳ್ಲಿ?”

ಸಿಟ್ಟೂ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ವೀರೇಶ ಹೊಸ್ತಿಲಲ್ಲೇ ಕುಕ್ಕರಿಸಿ, ಎಣ್ಣೆಗೈಯಿಂದಲೇ ಮುಖ ಮುಚ್ಚಿಕೊಂಡು ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. “ಎದ್ದೇಳ್ರಿ, ಬನಿಯನ್ನಾಗ ಬಂದೀರಿ, ಮಂದಿ ನೋಡ್ತಾರ” ಎಂದಳು.

ಮರುದಿನ ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಕೇಳಿಸಿಕೊಂಡು, ಈ ಕಾಯಿಲೆಗೆ ಅದೇ ಕಾರಣ ಇರಬೇಕು, ವಾಸಿಯಾಗುವುದು ಕಷ್ಟ ಎಂದರು. ಮೊದಲು ಆ ಬೀದಿಯ ಡಾಕ್ಟರಿಗೇ ಹೇಳಿದ್ದರೆ ಬದುಕುತ್ತಿದ್ದಳಾ ಎಂದು ಕೇಳಿದ. ಇಲ್ಲ, ಆ ಧೂಳು ಯಾವತ್ತೋ ಒಳಗೆ ಕೂತಿತ್ತು, ಆದರೆ ಟಿಬಿ ಮಾತ್ರೆಯ ಸಂಕಟ ತಪ್ಪುತ್ತಿತ್ತು ಎಂದರು. ಮಳೆಗಾಲ ಶುರುವಾಗುವ ಮುಂಚೆ ದಾನಮ್ಮ ಕೂತಲ್ಲೇ, ದಿಂಬು ತಬ್ಬಿಕೊಂಡೇ ಹೋದಳು. ಸಮಾಧಿ ಮಾಡಿ ಬಂದವನಿಗೆ ಮನೆಯಲ್ಲಿ ನೀರು ಕೊಡುವವರೂ ಇರಲಿಲ್ಲ.

ಏಕಾಂತಯ್ಯನವರ ಕಾರು ಅಷ್ಟೂ ದಿನ ಶೆಡ್ಡಿನಲ್ಲಿ ಬಾಯಿ ತೆರೆದುಕೊಂಡೇ ನಿಂತಿತ್ತು. ಪಾಪ, ಅವರು ಒಂದು ಮಾತೂ ಕೇಳಲಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ವೀರೇಶ ಶೆಡ್ಡಿಗೆ ಬಂದ. ಉಳಿದರ್ಧ ಪ್ಯಾಕಿಂಗಿನ ಮೇಲೆ ಒದ್ದೆ ಬಟ್ಟೆ ಹಾಕಿ, ಚೆನ್ನಾಗಿ ನೆನೆಸಿ, ಪುಡಿ ಏಳದಂತೆ ಕೆರೆದ. ಊದಲಿಲ್ಲ. ಕಚ್ಚು ಇದ್ದ ಮೂಲೆಯನ್ನು ಕೊನೆಗೆ ಉಳಿಸಿಕೊಂಡಿದ್ದ. ಅದು ಮಾತ್ರ ಸುಲಭಕ್ಕೆ ಬಿಡಲಿಲ್ಲ.

ಸುದ್ದಿ ತಿಳಿದು ಬಂದಿದ್ದ ಏಕಾಂತಯ್ಯ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಆಮೇಲೆ, ಏನಾದರೂ ಮಾತಾಡಬೇಕಲ್ಲ ಎಂದು, “ಹೋದ ಸಲ ನೀನೇ ಕಟ್ ಮಾಡಿ ಹಾಕಿದ್ಯಲ್ಲ ವೀರೇಶ, ಎಷ್ಟು ವರ್ಷ ಬಂತು ನೋಡು. ಈ ಸಲಾನೂ ಅಂಥದ್ದೇ ಹಾಕಿಬಿಡು” ಎಂದರು.

ವೀರೇಶ ಬ್ಲೇಡು ಕೆಳಗಿಟ್ಟ.

“ಅದು ನಾನ್ ಮಾಡಿದ್ದಲ್ಲ ಸಾರ್” ಎಂದ. “ನನ್ ಹೆಂಡ್ತಿ ಮಾಡಿದ್ದು. ಎಲ್ಲಾನೂ ಅವಳೇ ಮಾಡ್ತಿದ್ದದ್ದು.”