ಆಯುಧಪೂಜೆಯ ದಿನ ಕೂರಿಸಿದ ಕಾರ್ಬುರೇಟರ್

ಮಗಳು ಆಸ್ಟಿನ್‌ನಿಂದ ಬಂದದ್ದೇ ಒಂದು ಷರತ್ತಿನ ಮೇಲೆ. "ಅಮ್ಮಾ, ಒಂದೇ ಒಂದು ಸಲ ಕಿರುಚಿದ್ರೂ ಐ ಆಮ್ ಲೀವಿಂಗ್. ಮತ್ತೆ ಬರಲ್ಲ." ಫೋನಿನಲ್ಲೇ ಆಣೆ ಹಾಕಿಸಿಕೊಂಡಳು. ಹಿಂದಿನ ದಸರೆಯಲ್ಲಿ ನಾನು ಎಸೆದ ಸುತ್ತಿಗೆ ಅವಳ ಕಿವಿಯ ಪಕ್ಕದಲ್ಲೇ ಹಾದು ಗ್ಯಾರೇಜಿನ ಗೋಡೆಗೆ ತೂತು ಮಾಡಿತ್ತು. ಅವಳ ಮೇಲೆ ಎಸೆದದ್ದಲ್ಲ, ತುಕ್ಕು ಹಿಡಿದ ಬೋಲ್ಟಿನ ಮೇಲಿನ ಸಿಟ್ಟು. ಅದನ್ನು ಯಾರು ಕೇಳುತ್ತಾರೆ? ಅವತ್ತೇ ಹೊರಟು ಶುಗರ್ ಲ್ಯಾಂಡಿನ ಚಿಕ್ಕಮ್ಮನ ಮನೆ ಸೇರಿದವಳು ದೀಪಾವಳಿಗೂ ಬರಲಿಲ್ಲ.

ಕಾರು ನಮ್ಮಿಬ್ಬರದು. ಅರವತ್ತರ ದಶಕದ್ದು, ಎಂಟು ಸಿಲಿಂಡರಿನ ರಾಕ್ಷಸ. ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದ ಅಲೆನ್ ಊರಿನ ನಮ್ಮ ಮನೆಯ ಈ ಗ್ಯಾರೇಜಿನಲ್ಲಿ ಇಬ್ಬರೂ ಸೇರಿ ಬಿಚ್ಚಿ ಕಟ್ಟಿದ್ದು. ಈ ಸಲ ಒಂದು ಕಾರ್ಬುರೇಟರ್ ತಂದಿದ್ದಳು. ಎಂಜಿನ್ನಿನ ನೆತ್ತಿಯ ಮೇಲೆ ಕೂತು ಪೆಟ್ರೋಲಿಗೆ ಗಾಳಿ ಬೆರೆಸಿ ಕುಡಿಸುವ ಸಾಮಾನು ಅದು. ಯಾವತ್ತೋ ಬಾಗಿಲು ಹಾಕಿದ ಕಂಪನಿಯದು, ಹೆಸರು ಕೇಳಿದವರೇ ಇಲ್ಲ. ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಿ, ತನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲೇ ತೊಳೆದು ರಿಪೇರಿ ಮಾಡಿದ್ದಳು. ನನಗೋಸ್ಕರ ಎಂದು ಬಾಯಿಬಿಟ್ಟು ಹೇಳಲಿಲ್ಲ. ನನಗೇನು ಗೊತ್ತಾಗುವುದಿಲ್ಲವೇ!

ಮೊದಲ ಸಲ ಕೀ ತಿರುಗಿಸಿದಾಗ ಢಮ್ಮನೆ ಸಿಡಿದು, ಕಾರ್ಬುರೇಟರಿನಿಂದ ಮೊಳದುದ್ದ ಬೆಂಕಿ ಎದ್ದು ನನ್ನ ಹುಬ್ಬು ಸುಟ್ಟಿತು. ಬೈಗುಳ ಗಂಟಲವರೆಗೆ ಬಂತು. ತುಟಿ ಕಚ್ಚಿಕೊಂಡೆ, ರಕ್ತದ ರುಚಿ ಬಂತು. ಮಗಳು ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಳು. ಸ್ಕ್ರೂ ತಿರುಗಿಸಿ, ಕಿಡಿ ಹಾರುವ ಟೈಮಿಂಗ್ ಸರಿಮಾಡಿದೆವು. ಮತ್ತೆ ಸಿಡಿಯಿತು, ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಅಬ್ಬಾ, ಆ ಗರ್ಜನೆ! ಎದೆಗೂಡು ನಡುಗಿತು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ನಮ್ಮಲ್ಲಿದ್ದ ಏರ್ ಫಿಲ್ಟರ್ ಮಾತ್ರ ಅದರ ಮೇಲೆ ಕೂರಲಿಲ್ಲ, ಅಳತೆಯೇ ಬೇರೆ. ಕಾರ್ಬುರೇಟರಿನ ಬಾಯಿ ಇವತ್ತೊಂದು ದಿನ ತೆರೆದೇ ಇರಲಿ ಎಂದುಕೊಂಡೆವು.

ಅಂದು ಆಯುಧಪೂಜೆ. ಸೀನುವುದಕ್ಕೂ ಅನುಮತಿ ಕೇಳುವಂಥ ಮನುಷ್ಯ ನನ್ನ ಗಂಡ, ಪಂಚೆ ಉಟ್ಟು ಬಂದರು. ಕಾರು ಗ್ಯಾರೇಜಿನ ಹೊರಗೆ ಬೀದಿಗೆ ಮುಖಮಾಡಿ ನಿಂತಿತ್ತು. ಹೊಸ ಸಾಮಾನಿಗೂ ಪೂಜೆ ಆಗಬೇಕೆಂದು ಬಾನೆಟ್ ಎತ್ತಿಸಿಯೇ ಇಟ್ಟರು. ಕುಂಕುಮ, ಹೂವು, ಟೈರುಗಳ ಕೆಳಗೆ ನಿಂಬೆಹಣ್ಣು. ಎಂಜಿನ್ ಓಡುತ್ತಿದ್ದ ಹಾಗೆಯೇ ಆರತಿ ಎತ್ತಿ, ವಧೂವರರ ತಲೆಗೆ ಹಾಕುವಂತೆ ಧಾರಾಳವಾಗಿ ಅಕ್ಷತೆ ಹಾಕಿದರು. "ಹೂಂ, ನಿಂಬೆಹಣ್ಣಿನ ಮೇಲೆ ಹತ್ತಿಸಮ್ಮಾ," ಎಂದರು. ಬಾನೆಟ್ ಅಡ್ಡವಿದ್ದುದರಿಂದ ಒಳಗೆ ಕೂತ ಮಗಳಿಗೆ ಮುಂದೇನೂ ಕಾಣುತ್ತಿರಲಿಲ್ಲ. ಒಂದಡಿ ತಾನೇ ಎಂದು ಗೇರ್ ಹಾಕಿ ಆಕ್ಸಿಲರೇಟರ್ ಮುಟ್ಟಿದಳು.

ಕಾಲು ತೆಗೆದರೂ ಎಂಜಿನ್ ಇಳಿಯಲಿಲ್ಲ, ಚೀರಿತು. ಬ್ರೇಕ್ ತುಳಿದಳು, ಹಳೇ ಬ್ರೇಕು ತಡೆಯಲಿಲ್ಲ. ಹಿಂದಿನ ಚಕ್ರಗಳು ಹೊಗೆ ಎಬ್ಬಿಸಿ ಕಾರು ಮುಂದಕ್ಕೆ ಜಿಗಿಯಿತು. ಎದುರಿಗೆ ಆರತಿ ತಟ್ಟೆ ಹಿಡಿದು ಕಂಬದ ಹಾಗೆ ನಿಂತ ಗಂಡ.

"ರೀ, ಹಾರ್ರೀ ಪಕ್ಕಕ್ಕೆ! ಕೀ ಆಫ್ ಮಾಡೇ, ಕೀ!" ಬೀದಿಗೆ ಬೀದಿಯೇ ಕೇಳುವ ಹಾಗೆ ಕಿರುಚಿದೆ.

ಅವರು ಹುಲ್ಲಿನ ಮೇಲೆ ಬಿದ್ದರು. ಬಂಪರ್ ಪಂಚೆಯ ಅಂಚನ್ನು ಹರಿದುಕೊಂಡು ಹೋಗಿ ಬೀದಿಯಂಚಿನ ಮೇಲ್‌ಬಾಕ್ಸಿನ ಇಟ್ಟಿಗೆ ಕಂಬಕ್ಕೆ ಗುದ್ದಿತು. ಇಟ್ಟಿಗೆಗಳು ಉರುಳಿದವು, ರೇಡಿಯೇಟರ್ ಒಡೆದು ಕುದಿನೀರು ಚಿಮ್ಮಿತು, ಎಂಜಿನ್ ನಿಂತಿತು.

ಮಗಳು ಇಳಿದು ಅಪ್ಪನನ್ನು ಮುಟ್ಟಿ ಮುಟ್ಟಿ ನೋಡಿದಳು. ಮೊಣಕೈ ತರಚಿತ್ತು, ಅಷ್ಟೇ. ಆಮೇಲೆ ಓಡಿಬಂದು ನನ್ನನ್ನು ಅಪ್ಪಿಕೊಂಡಳು. "ಅಮ್ಮಾ, ಇದು ಕೌಂಟ್ ಆಗಲ್ಲ. ನೀನು ಕಿರುಚಿದ್ದಕ್ಕೇ ಅಪ್ಪ ಬದುಕಿದ್ದು."

ಆಗ ಒಳಗೆ ಹೋಗಿ ಕಾಫಿ ಕುಡಿದಿದ್ದರೆ ಆಗುತ್ತಿತ್ತು. ನನಗೆ ಕಾರಣ ಬೇಕಿತ್ತಲ್ಲ! ಟಾರ್ಚ್ ಹಿಡಿದು ಕಾರ್ಬುರೇಟರಿನೊಳಗೆ ಇಣುಕಿದೆ. ಆಕ್ಸಿಲರೇಟರ್ ಒತ್ತಿದರೆ ತೆರೆದು, ಕಾಲು ತೆಗೆದರೆ ಮುಚ್ಚಿ ಗಾಳಿ ತಡೆಯುವ ತಗಡಿನ ಅಂಚಿನಲ್ಲಿ ಅರಿಶಿನದ ಅಕ್ಕಿಕಾಳೊಂದು ಸಿಕ್ಕಿಕೊಂಡು, ಅದನ್ನು ಮುಚ್ಚಗೊಡದೆ ಹಿಡಿದಿತ್ತು.

"ಅಕ್ಷತೆ ಬಿದ್ದಿದೆ ಇದರೊಳಗೆ," ಎಂದೆ.

"ಶಾಸ್ತ್ರಕ್ಕೆ ಅಂತ ಒಂಚೂರು..." ಎಂದರು ಗಂಡ, ಹುಲ್ಲಿನ ಮೇಲೆ ಕೂತಲ್ಲಿಂದಲೇ.

ನನಗೆ ಸಿಟ್ಟು ನೆತ್ತಿಗೇರಿತು. ಆರತಿ ತಟ್ಟೆ ಎತ್ತಿ ಕಾಂಕ್ರೀಟಿಗೆ ಅಪ್ಪಳಿಸಿದೆ. "ಮಗಳ ಕೈಯಲ್ಲೇ ಸಾಯ್ಬೇಕು ಅಂತಿದ್ರಾ? ಬುದ್ಧಿ ಅನ್ನೋದು ಇದೆಯೇನ್ರೀ ನಿಮಗೆ?" ಅಷ್ಟಕ್ಕೆ ನಿಲ್ಲಲಿಲ್ಲ. ಅವರ ತಾಯಿಯನ್ನು ಬಿಡಲಿಲ್ಲ, ಅವರ ವಂಶವನ್ನು ಬಿಡಲಿಲ್ಲ, ಎಲ್ಲರ ಜನ್ಮ ಜಾಲಾಡಿದೆ. ಬೈಯುತ್ತ ಹತ್ತಿರ ಹೋದಾಗ ಅವರು ತರಚಿದ ಆ ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದರು. ಈ ಜನ್ಮದಲ್ಲಿ ನಾನು ಅವರ ಮೇಲೆ ಕೈ ಮಾಡಿಲ್ಲ. ನನ್ನಿಂದ ಏಟು ಬೀಳುತ್ತದೆ ಅಂದುಕೊಂಡರಲ್ಲ ಎಂದು ಇನ್ನೂ ಉರಿಯಿತು. ಉರುಳಿದ್ದ ಇಟ್ಟಿಗೆಯೊಂದು ಕೈಗೆ ಸಿಕ್ಕಿತು. ಕಾರಿನ ಪಕ್ಕದ ಕಿಟಕಿಯ ಗಾಜಿಗೆ ಬೀಸಿದೆ. ಒಡೆಯಿತು. ಇನ್ನೊಂದು ಎತ್ತಿಕೊಂಡು ಮತ್ತೆ ಬೀಸಿದೆ.

ಕೈ ಸೋತು ತಿರುಗಿದಾಗ ಮಗಳು ಎಂಜಿನ್ನಿನ ಮೇಲೆ ಬಾಗಿದ್ದಳು. ನಟ್ಟುಗಳನ್ನು ಬಿಚ್ಚಿ, ಪೆಟ್ರೋಲ್ ಪೈಪ್ ಕಳಚಿ ಕಾರ್ಬುರೇಟರನ್ನು ಎತ್ತುತ್ತಿದ್ದಳು.

"ಬಿಸಿ ಇದೆ ಕಣೇ, ಕೈ ಸುಡುತ್ತೆ," ಎಂದೆ. "ಅದು ತಣ್ಣಗಾಗೋವರೆಗಾದ್ರೂ ಇರು."

ಅವಳು ಅದನ್ನು ಟವೆಲಿನಲ್ಲಿ ಸುತ್ತಿ ತನ್ನ ಕಾರಿನ ಹಿಂದಿನ ಸೀಟಿನಲ್ಲಿಟ್ಟಳು. ಆಮೇಲೆ ಹುಲ್ಲಿನ ಹತ್ತಿರ ಹೋಗಿ ಅಪ್ಪನಿಗೆ ಕೈ ಚಾಚಿದಳು. "ಅಪ್ಪಾ, ಯೂ ಕಮ್ ಟೂ."

ಅವರು ನನ್ನ ಕಡೆ ನೋಡಲಿಲ್ಲ. ಹರಿದ ಪಂಚೆಯನ್ನು ಎತ್ತಿ ಹಿಡಿದುಕೊಂಡು ಹೋಗಿ ಅವಳ ಕಾರಿನಲ್ಲಿ ಅವಳ ಪಕ್ಕದಲ್ಲಿ ಕೂತು, ಬಾಗಿಲು ಹಾಕಿಕೊಂಡರು.