ಚೀಲದ ನಡುವಿನ ಹತ್ತಿ

ಆತನ ಹುಬ್ಬಿನ ತುಂಬ ಹತ್ತಿಯ ಎಳೆ. ಬೆಳಗ್ಗೆ ಮುಖ ತೊಳೆದು ಬಂದರೂ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮುದುಕನಾಗುತ್ತಿದ್ದ. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಆತ ಗುಣ ನೋಡಿ ದರ್ಜೆ ಹೇಳುವವನು, ನಾನು ಚೆಲ್ಲಿದ ಹತ್ತಿ ಗುಡಿಸುವವಳು. ಮೊದಲಿಂದಲೂ ಅಣ್ಣಾ ಅಂತಲೇ ಕರೆದೆ.

ಚೀಲದ ಬಾಯಲ್ಲಿದ್ದ ಹತ್ತಿಯನ್ನು ಆತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಣಕೈ ಮುಳುಗುವ ತನಕ ಒಳಗೆ ಕೈ ಹಾಕಿ, ನಡುವಿನದು ಒಂದು ಹಿಡಿ ತೆಗೆದು, ಹೆಬ್ಬೆರಳ ಸಂದಿಯಲ್ಲಿ ಎಳೆದು ನೋಡುತ್ತಿದ್ದ. “ಬಾಯಾಗ ಎಲ್ಲಾರೂ ಚಲೋದನ್ನೇ ಇಡ್ತಾರವ್ವ” ಅನ್ನುತ್ತಿದ್ದ.

ನನ್ನ ಮೊಮ್ಮಗಳು ತಾಯಿ ಇಲ್ಲದ ಕೂಸು, ನಾನೇ ಸಾಕಿದ್ದು. ಆಕೆಗೆ ಎಂ.ಎಸ್ಸಿ. ಕೆಮಿಸ್ಟ್ರಿಗೆ ಎರಡು ಯೂನಿವರ್ಸಿಟಿಗಳಲ್ಲಿ ಸೀಟು ಬಂತು. ಎರಡೂ ದೊಡ್ಡ ಹೆಸರಿನವಲ್ಲ, ತೀರಾ ಕಡೆಯವೂ ಅಲ್ಲ. ಒಂದು, ಬಸ್ಸಿಗೆ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರ. ಇನ್ನೊಂದು, ರೈಲಿನಲ್ಲಿ ಒಂದು ಹಗಲಿನ ದಾರಿ. ಹುಡುಗಿ ಮೂರು ದಿನ ಫೋನಿನಲ್ಲಿ ಎರಡನ್ನೂ ತಿರುವಿ ತಿರುವಿ ನೋಡಿ, “ಎರಡೂ ಒಂದೇ ಥರಾ ಅದಾವವ್ವಾ” ಅಂದಳು. ನಾನು ಹತ್ತಿರದ್ದಕ್ಕೇ ಅಂಟಿಕೊಂಡು, ಅದರ ಫೋಟೋ ಆತನಿಗೆ ತೋರಿಸಿದೆ. “ಗೇಟು ನೋಡಣ್ಣ, ಅರಮನಿ ಇದ್ದಂಗ ಐತಿ!”

“ಏಮಮ್ಮಾ, ಇಷ್ಟು ವರ್ಷ ಇಲ್ಲಿ ಗುಡಿಸಿ ಇದನ್ನಾ ಕಲ್ತದ್ದು?” ಅಂತ ನಕ್ಕ. ಕೆಲಸಕ್ಕೆ ರಜೆ ಹಾಕಿ ಎರಡು ಕಡೆಗೂ ನಮ್ಮ ಜೊತೆ ಬಂದ. ಆಫೀಸಿನ ಕಡೆ ತಲೆ ಹಾಕಲಿಲ್ಲ. ಊಟದ ಹೊತ್ತಿಗೆ ಹಾಸ್ಟೆಲಿನ ಹೊರಗೆ ನಿಂತು, ಕೆಮಿಸ್ಟ್ರಿ ಹುಡುಗಿಯರು ಯಾರು ಅಂತ ಕೇಳಿ, “ಸ್ವಲ್ಪ ಕೈ ತೋರಿಸ್ರಿ ತಾಯಿ” ಅಂದ. ಶಾಸ್ತ್ರ ಹೇಳುವವನು ಅಂದುಕೊಂಡು ಅವರು ಸಾಲಾಗಿ ಕೈ ಚಾಚಿದರು!

ಹತ್ತಿರದ ಕಡೆ ಎಲ್ಲರ ಬೆರಳೂ ಚೊಕ್ಕ. ಲ್ಯಾಬಿನ ಬೀಗ ತೆಗೆಯುವುದು ಪರೀಕ್ಷೆ ಬಂದಾಗಲೇ ಅಂತೆ. ದೂರದ ಕಡೆ, ಸುಣ್ಣ ಉದುರುವ ಆ ಕಟ್ಟಡದ ಹುಡುಗಿಯರ ಬೆರಳ ತುದಿಯಲ್ಲೆಲ್ಲ ಆಸಿಡ್ಡಿನ ಹಳದಿ ಕಲೆ.

“ಇಲ್ಲಿ ಕಲಿಸ್ತಾರ” ಅಂದ.

“ದೂರ ಆತಲ್ಲಣ್ಣ.”

“ಆಕಿಗಲ್ಲವ್ವ. ನಿನಗ.”

ಮನೆಯಲ್ಲಿ ನನಗೆ ಇದ್ದದ್ದು ಆಕೆಯೊಬ್ಬಳೇ.

ಆಕೆ ದೂರದ್ದಕ್ಕೇ ಸೇರಿ ಹೋದ ಮೇಲೆ ಆತ ದಿನಾ ಬಿಡುವಿನಲ್ಲಿ ಮಾರುಕಟ್ಟೆಯ ಗೋಡೆ ನೆರಳಿಗೆ ಬಂದು, ನನ್ನ ಪಕ್ಕ ಕೂತು, “ಫೋನ್ ಬಂತಾ?” ಅಂತ ಕೇಳುತ್ತಿದ್ದ. ಹೋದ ವರ್ಷ ಎದೆನೋವು ಬಂದು ಆತನೂ ಹೋದ. ಈಗ ಬುತ್ತಿ ಬಿಚ್ಚಿದರೆ ಕೇಳುವವರಿಲ್ಲ.

ಇವತ್ತು ಅದೇ ನೆರಳಲ್ಲಿ ಕೂತಿದ್ದಾಗ ಫೋನ್ ಬಂತು! ನನ್ನ ಕೂಸು ಪಾಸಾಗಿದ್ದಾಳೆ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿದೆ! ಪರದೆಯ ಮೇಲೆ ಆಕೆಯ ಮುಖ ನೋಡಿ ಅತ್ತೆ, ನಕ್ಕೆ, ಏನೇನೋ ಹರಟಿದೆ. ಆಮೇಲೆ “ಕೈ ತೋರಿಸು” ಅಂದೆ. ಹತ್ತೂ ಬೆರಳು ಚಾಚಿದಳು. ತುದಿಯಲ್ಲೆಲ್ಲ ಹಳದಿ. ಫೋನನ್ನು ಆತ ಕೂರುತ್ತಿದ್ದ ಕಡೆಗೆ ತಿರುಗಿಸಿ ಹಿಡಿದೆ.

“ಅಲ್ಲಿ ಯಾರದಾರವ್ವಾ?” ಅಂದಳು.

ಬರೇ ಗೋಡೆ ಇತ್ತು.