ಚಾಮರಾಜನಗರದಿಂದ ಒಂದು ಮೂಟೆ ಕಸ

ಗಂಡನಿಗೆ ಆಫೀಸು ಕೆಲಸ ಸಿಕ್ಕಿ ಚಾಮರಾಜನಗರಕ್ಕೆ ಬಂದ ಮೊದಲ ಬೆಳಿಗ್ಗೆಯೇ ಕಸದ ಮೊರ ಹಿಡಿದು ಪಕ್ಕದ ಮನೆಯ ರತ್ನಮ್ಮನವರನ್ನು ಕೇಳಿದೆ: "ತಿಪ್ಪೆ ಎಲ್ಲೈತೆ ಅಕ್ಕ?" ಅವರು ಎದುರಿನ ಖಾಲಿ ಸೈಟು ತೋರಿಸಿದರು. ಹರಿದ ಹಾಸಿಗೆ, ಕೊಳೆತ ಅನ್ನ, ಮಕ್ಕಳ ಡೈಪರು, ಎಲ್ಲ ಒಟ್ಟಿಗೆ ಹೊಗೆಯಾಡುತ್ತಿತ್ತು. ಹಸುವೊಂದು ಪ್ಲಾಸ್ಟಿಕ್ ಕವರು ಜಗಿಯುತ್ತಾ ನಿಂತಿತ್ತು.

ನನ್ನ ತವರೂರು ಭೀಮನಬೀಡಿನಲ್ಲಿ ತಿಪ್ಪೆ ಅಂದರೆ ಮನೆಯ ಆಸ್ತಿ. ಸಗಣಿ, ಬೂದಿ, ಸಿಪ್ಪೆ ಬಿಟ್ಟು ಬೇರೇನೂ ಬೀಳುವಂತಿಲ್ಲ. ದೀಪಾವಳಿಗೆ ಅದಕ್ಕೂ ಹೂವಿಟ್ಟು ದೀಪ ಹಚ್ಚುತ್ತೇವೆ. ಇಲ್ಲಿ ಬೀದಿ ತುಂಬ ಹೊಸ ಮನೆ ಎದ್ದಿವೆ, ಕಸದ ಗಾಡಿ ಮಾತ್ರ ಈ ಕಡೆ ತಿರುಗುವುದಿಲ್ಲ. ಕೇಳಿದರೆ ಬಡಾವಣೆ ಇನ್ನೂ ನಗರಸಭೆಯ ಪಟ್ಟಿಗೆ ಸೇರಿಲ್ಲವಂತೆ. ಥೂ, ಇದೂ ಒಂದು ಉತ್ತರವೇ!

ಸುಮ್ಮನಿರಲಾಗಲಿಲ್ಲ. ನಾಲ್ಕು ಮನೆಯ 'ಹಸಿ ಕಸ', ಅಂದರೆ ತರಕಾರಿ ಸಿಪ್ಪೆ, ಸೊಪ್ಪಿನ ಕಡ್ಡಿ, ಇಸಿದುಕೊಂಡು ಬೂದಿ ಬೆರೆಸಿ, ಗೋಣಿಚೀಲಕ್ಕೆ ತುಂಬಿ ವಾರವಾರ ಬಸ್ಸಿನಲ್ಲಿ ತವರಿನ ತಿಪ್ಪೆಗೆ ಹೊತ್ತೆ. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು, "ಊರಿಂದ ಮೂಟೆ ತರೋರ ನೋಡಿವ್ನಿ ಕಣಮ್ಮ, ಊರ್ಗೆ ಕಸ ಹೊತ್ಕಂಡು ಓಗೋರ ಇವತ್ತೇ ನೋಡಿದ್ದು," ಎಂದ. ನನಗೋ ಜಂಬ. ಆ ನಾಲ್ಕು ಮನೆಯವರು ಕಟ್ಟಿಕೊಟ್ಟ ಕವರುಗಳನ್ನು ಕೈಯಾಡಿಸಿಯೂ ನೋಡದೆ ಸುರಿದುಕೊಂಡೆ. ತಿಪ್ಪೆಗೆ ಅಂತ ಹೇಳಿ ಇಸಿದುಕೊಂಡದ್ದರ ಮೇಲೆ ಅನುಮಾನ ಪಡುವ ಅಭ್ಯಾಸ ನನಗಿರಲಿಲ್ಲ.

ಅರಿಶಿನದ ಹೊಲಕ್ಕೆ ಗೊಬ್ಬರ ಹಾಕುವ ದಿನ ತಮ್ಮ ಮಾದೇವನ ಹೆಂಡತಿ ಶಿವಮ್ಮ ಬರಿಗೈಯಲ್ಲಿ ಮಂಕರಿ ಬುಟ್ಟಿಗೆ ಗೊಬ್ಬರ ಬಾಚುತ್ತಿದ್ದಳು. ಒಡೆದ ಟ್ಯೂಬ್‌ಲೈಟಿನ ಚೂರು ಅಂಗೈಗೆ ಇಳಿಯಿತು, ಹೊಲಿಗೆ ಹಾಕಿಸಬೇಕಾಯಿತು. ಅಷ್ಟರಲ್ಲಿ ಅರ್ಧ ತಿಪ್ಪೆ ಹೊಲದಲ್ಲಿ ಹರಡಿಯಾಗಿತ್ತು. ಬರಿಗಾಲಲ್ಲಿ ಕಳೆ ಕೀಳುವ ಹೆಂಗಸರು ಆ ಹೊಲಕ್ಕೆ ಇಳಿಯುವುದಿಲ್ಲ ಅಂದುಬಿಟ್ಟರು.

ಚಾಮರಾಜನಗರಕ್ಕೆ ವಾಪಸು ಬಂದು ನಮ್ಮ ಬೀದಿಯಲ್ಲಿ ನಿಂತು ಕೂಗಾಡಿದೆ. ಆ ಗಾಜು ತಮ್ಮ ಮನೆಯದೆಂದು ಯಾರೂ ಒಪ್ಪಲಿಲ್ಲ. "ಕಸ ಅಂದ್ರೆ ಕಸ ಕಣಮ್ಮ, ಅದ್ರಲ್ಲೂ ಮಡಿ ನೋಡ್ತಾರಾ?" ಎಂದರು ರತ್ನಮ್ಮ. ಮೈಯೆಲ್ಲ ಉರಿದುಹೋಯಿತು. "ನಿಮ್ಮ ಸಾರಿಗೆ ಹಾಕೋ ಅರಿಶಿನ ಎಲ್ಲಿ ಬೆಳೀತದೆ ಅನ್ಕಂಡಿದ್ದೀರಿ?" ಎಂದೆ. ಅವರು ಬಾಗಿಲು ಹಾಕಿಕೊಂಡರು.

ಮುಂದಿನ ವಾರ ತವರಿಗೆ ಹೋದಾಗ ಮಾದೇವ ಹೊಲದ ಮಣ್ಣು ಜರಡಿ ಹಿಡಿಯುತ್ತಿದ್ದ. "ಜರುಗ್ಲಾ, ನಾನೂ ಆಯ್ತೀನಿ," ಎಂದು ಪಕ್ಕದಲ್ಲಿ ಕೂತೆ. ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತಲೆಯೆತ್ತದೆ, "ನಿಮ್ಮೂರೋರೆಲ್ಲ ಹಿಂಗೇನಾ ಅಕ್ಕ?" ಎಂದ.

ಈ ಹೊಲದಲ್ಲಿ ಕಳೆ ಕಿತ್ತೇ ಬೆಳೆದವಳು ನಾನು. ನಮ್ಮೂರು ಇದೇ ಕಣ್ಲಾ ಅನ್ನಲು ಬಾಯಿ ತೆರೆದೆ. ಬದುವಿನ ಮೇಲೆ ಶಿವಮ್ಮ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಜರಡಿಗೆ ಬಗ್ಗಿ ಚೂರು ಆಯತೊಡಗಿದೆ.